ಕಾಫಿಯ ವಾಯಿದೆ ವ್ಯಾಪಾರ: ನ್ಯೂಯಾರ್ಕಿನಿಂದ ಮಲೆನಾಡಿಗೆ

ಕಾಫಿಯ ವಾಯಿದೆ ಮಾರುಕಟ್ಟೆ ಹುಟ್ಟಿದ್ದು ವರ್ತಕರ ದಿವಾಳಿಯಿಂದ. 1870ರ ದಶಕದಲ್ಲಿ ನ್ಯೂಯಾರ್ಕಿನ ಕೆಲವೇ ಸಗಟು ವ್ಯಾಪಾರಿಗಳು ಒಂದಾಗಿ ಅಮೆರಿಕಕ್ಕೆ ಬರುವ ಕಾಫಿಯ ದೊಡ್ಡ ಪಾಲನ್ನು ಗೋದಾಮುಗಳಲ್ಲಿ ಕೂಡಿಟ್ಟು ದರವನ್ನು ಕೈಯಲ್ಲಿ ಹಿಡಿದಿದ್ದರು. ಬ್ರೆಜಿಲ್‌ನ ಫಸಲು ಅವರ ಹಿಡಿತ ಮೀರಿ ಬೆಳೆಯಿತು. 1880ರಲ್ಲಿ ದರ ಕುಸಿದು ಈ ಕೂಟ ಮುರಿದುಬಿದ್ದಾಗ ಅನೇಕ ಮಂಡಿಗಳು ಅದರ ಜೊತೆಗೇ ಮುಳುಗಿದವು. ಉಳಿದ ವರ್ತಕರು ಕಟ್ಟಿಕೊಂಡ ನ್ಯೂಯಾರ್ಕ್ ಕಾಫಿ ಎಕ್ಸ್‌ಚೇಂಜ್ 1882ರಲ್ಲಿ ವಹಿವಾಟು ಆರಂಭಿಸಿತು. ಯುರೋಪಿನ ಬಂದರುಗಳೂ ಅದೇ ದಶಕದಲ್ಲಿ ಇಂಥ ಮಾರುಕಟ್ಟೆಗಳನ್ನು ತೆರೆದವು.

ಅಲ್ಲಿ ಕೈ ಬದಲಾಗುತ್ತಿದ್ದುದು ಚೀಲವಲ್ಲ, ಕರಾರು. ಇಂತಿಷ್ಟು ತೂಕದ, ಇಂಥ ದರ್ಜೆಯ ಕಾಫಿಯನ್ನು ಮುಂದಿನ ಇಂಥ ತಿಂಗಳಲ್ಲಿ ಇಂದು ಒಪ್ಪಿದ ದರಕ್ಕೆ ಕೊಡುವುದಾಗಿ ಮಾರುವವನು ಬರೆದುಕೊಡುತ್ತಿದ್ದ. ಗೋದಾಮಿನಲ್ಲಿ ಮಾಲಿರುವ ವರ್ತಕ ಅಷ್ಟೇ ತೂಕದ ಕರಾರನ್ನು ಮಾರಿಟ್ಟರೆ, ದರ ಇಳಿದಾಗ ಮಾಲಿನಲ್ಲಿ ಆಗುವ ನಷ್ಟವನ್ನು ಕರಾರಿನ ಲಾಭ ಬಹುಪಾಲು ತುಂಬಿಕೊಡುತ್ತದೆ. ಏರಿದರೆ ಲೆಕ್ಕ ತಿರುಗುತ್ತದೆ. ಹೆಚ್ಚುವರಿ ಲಾಭ ಕೈತಪ್ಪುತ್ತದೆ. ದರ ಇಳಿಯುವ ಅಪಾಯವನ್ನು ಹೊತ್ತುಕೊಳ್ಳುವವನು ಕರಾರು ಕೊಳ್ಳುವ ಸಟ್ಟಾ ವ್ಯಾಪಾರಿ. ಅವನನ್ನು ಬೈಯುವುದು ಸುಲಭ. ಆದರೆ ಅವನಿಲ್ಲದೆ ಈ ರಕ್ಷಣೆಯನ್ನು ಕೊಳ್ಳಲು ಯಾರ ಬಳಿಯೂ ಹೋಗುವಂತಿಲ್ಲ.

ಈ ಮಾರುಕಟ್ಟೆಯ ನಾಡಿ ಬ್ರೆಜಿಲ್‌ನ ಹವಾಮಾನ. 1975ರ ಜುಲೈನಲ್ಲಿ ಪರಾನಾ ರಾಜ್ಯದ ಮೇಲೆ ಬಿದ್ದ ಹಿಮ ಗಿಡಗಳನ್ನೇ ಸುಟ್ಟಿತು. 1977ರಲ್ಲಿ ನ್ಯೂಯಾರ್ಕಿನಲ್ಲಿ ಪೌಂಡ್ ಕಾಫಿ 3 ಡಾಲರ್ ದಾಟಿತು. ಅತ್ತ ರಫ್ತುದಾರ ದೇಶಗಳಿಗೆ ಕೋಟಾ ನಿಗದಿ ಮಾಡಿ ದರವನ್ನು ಕಾಯುತ್ತಿದ್ದ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ವ್ಯವಸ್ಥೆ 1989ರಲ್ಲಿ ಕುಸಿಯಿತು. ಅಲ್ಲಿಂದಾಚೆಗೆ ದರಕ್ಕೆ ತಡೆಗೋಡೆ ಉಳಿಯಲಿಲ್ಲ. 2001ರ ಕೊನೆಗೆ ಅದು ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿತ್ತು.

ಆ ಹೊತ್ತಿಗೆ ಹೊಸ ಹಣವೊಂದು ಒಳಬರತೊಡಗಿತ್ತು. 1991ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆ ತೈಲ, ಗೋಧಿ, ಕಾಫಿಯಂಥ ಸರಕುಗಳ ವಾಯಿದೆ ದರಗಳನ್ನು ಸೇರಿಸಿ ಸೂಚ್ಯಂಕ ರೂಪಿಸಿತು. ಷೇರು, ಸಾಲಪತ್ರಗಳ ಜೊತೆಗೆ ಸರಕೂ ಒಂದು ಹೂಡಿಕೆ ಎಂಬ ವಾದವನ್ನು 2003ರ ನಂತರ ಪಿಂಚಣಿ ನಿಧಿಗಳೂ ಒಪ್ಪಿದವು. ಒಂದು ಬೀಜವನ್ನೂ ಹುರಿಯದವರ ಹಣ ಕಾಫಿಯ ದರದೊಳಗೆ ಸೇರಿಕೊಂಡಿತು.

ಕರ್ನಾಟಕದ ತೋಟಗಳು ಬಹುಕಾಲ ಈ ಮಾರುಕಟ್ಟೆಯಿಂದ ದೂರವಿದ್ದವು. ಎರಡನೆಯ ಮಹಾಯುದ್ಧ ಯುರೋಪಿನ ಬಾಗಿಲು ಮುಚ್ಚಿದಾಗ ಬೆಳೆಗಾರರನ್ನು ಉಳಿಸಲು ಸರ್ಕಾರ ಮಧ್ಯೆ ಬಂತು. 1942ರ ಕಾಯ್ದೆಯಡಿ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ನೆಲೆಯೂರಿತು. ಬೆಳೆಗಾರ ಮನೆಬಳಕೆ, ಬಿತ್ತನೆಗೆ ಬೇಕಾದಷ್ಟನ್ನು ಬಿಟ್ಟು ಉಳಿದುದನ್ನೆಲ್ಲ ಪೂಲ್‌ಗೆ ಒಪ್ಪಿಸಬೇಕಿತ್ತು. ಮಂಡಳಿ ಹರಾಜಿನಲ್ಲಿ ಮಾರಿ ಕಂತುಕಂತಾಗಿ ಹಣ ಕೊಡುತ್ತಿತ್ತು. ದರದ ಪೆಟ್ಟು ಒಬ್ಬನ ಮೇಲೇ ಬೀಳುತ್ತಿರಲಿಲ್ಲ, ನಿಜ. ಆದರೆ ಕೊನೆಯ ಕಂತಿಗಾಗಿ ವರ್ಷಗಟ್ಟಲೆ ಕಾಯುವುದು ಸಣ್ಣ ಹಿಡುವಳಿದಾರನಿಗೆ ಕಡಿಮೆ ಕಷ್ಟವಾಗಿರಲಿಲ್ಲ. ಪೂಲ್ ಕಾಫಿಯ ದೊಡ್ಡ ಗ್ರಾಹಕನಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಪೂಲ್ 1996ರಲ್ಲಿ ಪೂರ್ತಿ ಕೊನೆಗೊಂಡಿತು.

ಅಂದಿನಿಂದ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳಲ್ಲಿ 50 ಕಿಲೋ ಚೀಲದ ಅರೇಬಿಕಾ ಪಾರ್ಚ್‌ಮೆಂಟಿನ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ದರ ನ್ಯೂಯಾರ್ಕನ್ನೂ ರೋಬಸ್ಟಾ ಚೆರಿಯ (ಹಣ್ಣಾಗಿಯೇ ಒಣಗಿಸಿದ ಕಾಫಿ) ದರ ಲಂಡನ್ ವಾಯಿದೆ ಮಾರುಕಟ್ಟೆಯನ್ನೂ ಹಿಂಬಾಲಿಸುತ್ತಿದೆ. ದರ ಬಂತು, ಅದರಿಂದ ಕಾಪಾಡುವ ಸಾಧನ ಮಾತ್ರ ಬರಲಿಲ್ಲ. ಈ ಇತಿಹಾಸದ ದೊಡ್ಡ ಕೊರತೆ ಇದು. ನ್ಯೂಯಾರ್ಕಿನ ಒಂದು ಕರಾರು 37,500 ಪೌಂಡ್, ಅಂದರೆ ಸುಮಾರು 17 ಟನ್. ಲಂಡನ್ನಿನದು 10 ಟನ್. ಇಲ್ಲಿನ ಬೆಳೆಗಾರರಲ್ಲಿ ಬಹುತೇಕರ ತೋಟ 10 ಹೆಕ್ಟೇರಿಗಿಂತ ಚಿಕ್ಕದು. ಅವರಲ್ಲಿ ಹೆಚ್ಚಿನವರ ಒಂದು ವರ್ಷದ ಇಡೀ ಫಸಲು ಒಂದು ಕರಾರಿಗೂ ಸಾಲದು. ದರ ವಿರುದ್ಧ ದಿಕ್ಕಿಗೆ ತಿರುಗಿದಾಗಲೆಲ್ಲ ಮಾರ್ಜಿನ್ ಹಣ (ಭದ್ರತಾ ಠೇವಣಿ) ಕಟ್ಟಬೇಕು, ಅದೂ ಕೊಯ್ಲಿನ ಕೂಲಿ ಕೊಡಬೇಕಾದ ಹೊತ್ತಿನಲ್ಲಿ. ಈ ಅಂತರ ತುಂಬಲು 1990ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲೇ ಕಾಫಿಯ ವಾಯಿದೆ ವಿನಿಮಯ ಕೇಂದ್ರ ತೆರೆಯಿತು. ಸಾಕಷ್ಟು ಕೊಳ್ಳುವವರೂ ಮಾರುವವರೂ ಸೇರದೆ ಅದು ಸೊರಗಿತು. ರಫ್ತುದಾರರು ವಿದೇಶಿ ಎಕ್ಸ್‌ಚೇಂಜ್‌ಗಳಲ್ಲೇ ತಮ್ಮ ಮಾಲಿಗೆ ರಕ್ಷಣೆ ಪಡೆಯುತ್ತ ಬಂದರು.

ಬೆಳೆಗಾರನಿಗೆ ಉಳಿದ ಉಪಾಯ ಒಂದೇ: ಚೀಲಗಳನ್ನು ಮನೆಯಲ್ಲೋ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲೋ ಇಟ್ಟು ಕಾಯುವುದು. ಬ್ರೆಜಿಲ್ ಮತ್ತು ವಿಯೆಟ್ನಾಂನ ಬರದಿಂದ ದರ ಏರಿ 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಅರೇಬಿಕಾ ಪೌಂಡಿಗೆ 4 ಡಾಲರ್ ಮೀರಿದಾಗ, ಕಾದವರಿಗೆ ಒಳ್ಳೆಯ ಹಣ ಸಿಕ್ಕಿತು. 2001ರಲ್ಲಿ ಹಾಗೆ ಕಾದವರಿಗೆ ಸಾಲದ ಬಡ್ಡಿ ಮಾತ್ರ ಬೆಳೆದಿತ್ತು.