ಗಂಟಲು ನೋವಿನ ಅಪರಾಧಿಯನ್ನು ಹಿಡಿದವರು

ಮಗುವಿಗೆ ಗಂಟಲು ನೋವು, ಜ್ವರ. ಉಪ್ಪುನೀರು ಮುಕ್ಕಳಿಸಿ, ಕಷಾಯ ಕುಡಿದು ನಾಲ್ಕು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಮನೆಯವರು ಮರೆತೂಬಿಡುತ್ತಾರೆ. ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಲ್ಲಿ ಮತ್ತೆ ಜ್ವರ ಬಂದು ಮೊಣಕಾಲು, ಮೊಣಕೈ ಊದಿಕೊಳ್ಳುತ್ತವೆ. ಇದು ರುಮ್ಯಾಟಿಕ್ ಜ್ವರ. ಕೀಲುಗಳ ಊತ ಇಳಿಯುತ್ತದೆ. ಆದರೆ ಹೃದಯದ ಕವಾಟಕ್ಕೆ ಬಿದ್ದ ಪೆಟ್ಟು ಜೀವಮಾನವಿಡೀ ಉಳಿಯಬಹುದು. ಭಾರತದ ಆಸ್ಪತ್ರೆಗಳಲ್ಲಿ ಇಂಥ ಹೃದಯರೋಗಿಗಳು ಇಂದಿಗೂ ಕಾಣಸಿಗುತ್ತಾರೆ.

ಇದಕ್ಕೆ ಮೂಲ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ. ಆದರೆ ಸೂಕ್ಷ್ಮದರ್ಶಕದಡಿ ಇಟ್ಟರೆ ಎಲ್ಲ ಸ್ಟ್ರೆಪ್ಟೋಕಾಕಸ್‌ಗಳೂ ಮಣಿ ಪೋಣಿಸಿದ ಸರದಂತೆಯೇ ಕಾಣುತ್ತವೆ. ಹಸುವಿನ ಕೆಚ್ಚಲಿನದೂ ಹಾಗೆಯೇ, ಮನುಷ್ಯನ ಗಂಟಲಿನದೂ ಹಾಗೆಯೇ. ಇವುಗಳಲ್ಲಿ ಅಪರಾಧಿ ಯಾವುದು? ಈ ಒಂದು ಪ್ರಶ್ನೆಗಾಗಿ ಬದುಕನ್ನೇ ಮುಡಿಪಾಗಿಟ್ಟವರು ಅಮೆರಿಕದ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್.

ನ್ಯೂಯಾರ್ಕ್‌ನಲ್ಲಿ 1895ರಲ್ಲಿ ಜನಿಸಿದ ರೆಬೆಕ್ಕಾ ಕಾಲೇಜಿಗೆ ಸೇರಿದ್ದು ಫ್ರೆಂಚ್ ಮತ್ತು ಇಂಗ್ಲಿಷ್ ಓದಲು. ಜೊತೆಯಲ್ಲಿದ್ದ ಗೆಳತಿಯ ಪ್ರಾಣಿಶಾಸ್ತ್ರದ ಪಾಠಗಳು ಹಿಡಿಸಿ ದಾರಿ ಬದಲಿಸಿದರು. 1918ರಲ್ಲಿ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಸ್ವಾಲ್ಡ್ ಏವರಿ ಮತ್ತು ಅಲ್ಫೋನ್ಸ್ ಡೋಷೆ ಅವರಿಗೆ ಸಹಾಯಕಿಯಾದರು. ಟೆಕ್ಸಾಸ್‌ನ ಸೈನಿಕ ಶಿಬಿರಗಳ ರೋಗಿಗಳಿಂದ ತಂದ 125 ಸ್ಟ್ರೆಪ್ಟೋಕಾಕಸ್ ಮಾದರಿಗಳು ಅಲ್ಲಿದ್ದವು. ಅವುಗಳಲ್ಲಿ ಸುಮಾರು ಶೇ 70ರಷ್ಟು ನಾಲ್ಕೇ ಬಗೆಗಳಿಗೆ ಸೇರಿದವು ಎಂದು 1919ರಲ್ಲಿ ಪ್ರಕಟವಾಯಿತು. ಕೇವಲ ಸಹಾಯಕಿಯಾಗಿದ್ದವರ ಹೆಸರೂ ಆ ಪ್ರಬಂಧದಲ್ಲಿತ್ತು ಎಂಬುದು ಗಮನಿಸಬೇಕಾದ ಮಾತು.

ಬ್ಯಾಕ್ಟೀರಿಯಾದ ರೂಪ ನೋಡಿ ಉಪಯೋಗವಿಲ್ಲ, ಅದರ ಹೊರಕವಚದ ರಾಸಾಯನಿಕವನ್ನು ಪರೀಕ್ಷಿಸಬೇಕು ಎಂಬುದು ಲ್ಯಾನ್ಸ್‌ಫೀಲ್ಡ್ ಹಿಡಿದ ದಾರಿ. ಬ್ಯಾಕ್ಟೀರಿಯಾಗಳನ್ನು ಆಮ್ಲದಲ್ಲಿ ಕುದಿಸಿ ಸಾರ ತೆಗೆಯುತ್ತಿದ್ದರು. ಇನ್ನೊಂದು ಕಡೆ, ಗೊತ್ತಿರುವ ಬಗೆಯ ಬ್ಯಾಕ್ಟೀರಿಯಾವನ್ನು ಮೊಲಕ್ಕೆ ಚುಚ್ಚಿ, ಅದರ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿದ ಮೇಲೆ ಸೀರಮ್ ಸಂಗ್ರಹಿಸುತ್ತಿದ್ದರು. ಸಾರವನ್ನೂ ಸೀರಮ್ಮನ್ನೂ ಗಾಜಿನ ನಳಿಕೆಯಲ್ಲಿ ಒಟ್ಟಿಗೆ ಸೇರಿಸಿದಾಗ ಬಿಳಿಯ ಗಸಿ ಕಟ್ಟಿದರೆ ಗುರುತು ಸಿಕ್ಕಿತೆಂದೇ ಅರ್ಥ. ಬೀಗಕ್ಕೆ ಸರಿಯಾದ ಕೀಲಿಕೈ ಕೂಡಿದ ಹಾಗೆ.

ಮನುಷ್ಯ, ದನ, ಹಾಲು, ಚೀಸ್ ಹೀಗೆ ನಾನಾ ಮೂಲಗಳ 106 ಮಾದರಿಗಳನ್ನು ಈ ರೀತಿ ಪರೀಕ್ಷಿಸಿ 1933ರಲ್ಲಿ ಅವರು ಗುಂಪುಗಳನ್ನು ಪ್ರಕಟಿಸಿದರು. ಮನುಷ್ಯನಿಗೆ ರೋಗ ತರುವವುಗಳಲ್ಲಿ ಹೆಚ್ಚಿನವು 'ಎ' ಗುಂಪಿನವು. ದನಗಳಲ್ಲಿ ಸಿಕ್ಕವು 'ಬಿ'. ಎರಡು ವರ್ಷಗಳ ನಂತರ ರೊನಾಲ್ಡ್ ಹೇರ್ ಜೊತೆ ಬಾಣಂತಿಯರನ್ನು ಪರೀಕ್ಷಿಸಿದಾಗ, ತೀವ್ರ ಬಾಣಂತಿ ಜ್ವರಕ್ಕೆ ಕಾರಣವಾಗಿದ್ದುದೂ ಬಹುಮಟ್ಟಿಗೆ 'ಎ' ಗುಂಪೇ ಎಂದು ತಿಳಿಯಿತು. ಗಂಟಲು ನೋವಿನಿಂದ ರುಮ್ಯಾಟಿಕ್ ಜ್ವರಕ್ಕೆ ಹೋಗುವ ಜಾಡು ಹಿಡಿಯಲು ವೈದ್ಯರಿಗೆ ಈ ಅಕ್ಷರಗಳೇ ಆಸರೆಯಾದವು. ಯಾವ ಗಂಟಲಿಗೆ ಪೆನಿಸಿಲಿನ್ ಬೇಕು ಎಂಬ ತೀರ್ಮಾನವೂ ಮುಂದೆ ಇದೇ ಗುರುತಿನ ಮೇಲೆ ನಿಂತಿತು.

ಆದರೆ 'ಎ' ಗುಂಪಿನೊಳಗೇ ಮತ್ತೆ ಎಷ್ಟೋ ಬಗೆಗಳಿದ್ದವು. ಅವನ್ನು ಬೇರ್ಪಡಿಸುವುದು ಕವಚದ ಮೇಲಿನ 'ಎಂ' ಪ್ರೊಟೀನ್ ಎಂದು ಲ್ಯಾನ್ಸ್‌ಫೀಲ್ಡ್ ತೋರಿಸಿದರು. ರೋಗದಿಂದ ನಮ್ಮ ದೇಹ ಕಲಿಯುವ ಪಾಠ ಆ ಒಂದು ಬಗೆಗೆ ಮಾತ್ರ ಸೀಮಿತ. ಇನ್ನೊಂದು ಬಗೆ ಬಂದರೆ ಮತ್ತೆ ಮೊದಲಿನಿಂದ ಜ್ವರ! ಮಕ್ಕಳಿಗೆ ಪದೇ ಪದೇ ಗಂಟಲು ನೋವು ಬರಲು ಇದೂ ಒಂದು ಕಾರಣ. ಈಗ ತಿಳಿದಿರುವ ಬಗೆಗಳು 200ಕ್ಕೂ ಹೆಚ್ಚು. ಲಸಿಕೆ ತಯಾರಿಸಲು ಹೊರಟವರಿಗೆ ದೊಡ್ಡ ತೊಡಕಾಗಿರುವುದು ಇದೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕ ಶಿಬಿರಗಳಲ್ಲಿ ಸ್ಟ್ರೆಪ್ಟೋಕಾಕಸ್ ಹಾವಳಿ ಹೆಚ್ಚಿದಾಗ ಮಾದರಿಗಳು ಹುಡುಕಿಕೊಂಡು ಬಂದದ್ದು ಇವರ ಮೇಜಿಗೇ. ಈ ರೋಗಾಣುವಿನ ಒಗಟುಗಳಿಗೆ ಅವರ ಪ್ರಯೋಗಾಲಯವೇ 'ಸ್ಕಾಟ್ಲೆಂಡ್ ಯಾರ್ಡ್' ಎಂದು ಹೆಸರಾಯಿತು. ಇಷ್ಟಾದರೂ ಅವರು ರಾಕ್‌ಫೆಲರ್‌ನಲ್ಲಿ ಪೂರ್ಣ ಪ್ರಾಧ್ಯಾಪಕಿಯಾದದ್ದು 1958ರಲ್ಲಿ, ಮೊದಲು ಕಾಲಿಟ್ಟ 40 ವರ್ಷಗಳ ನಂತರ! ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಆರಿಸಿದ್ದು 1970ರಲ್ಲಿ, 75ನೆಯ ವಯಸ್ಸಿನಲ್ಲಿ.

1965ರಲ್ಲಿ ನಿವೃತ್ತಿಯ ಕಾಗದ ಬಂದರೂ ಪ್ರಯೋಗಾಲಯಕ್ಕೆ ಹೋಗುವುದನ್ನು ಬಿಡಲಿಲ್ಲ. ಹಿಂದೆ ದನಗಳದ್ದೆಂದು ತಿಳಿಯಲಾಗಿದ್ದ 'ಬಿ' ಗುಂಪು ನವಜಾತ ಶಿಶುಗಳ ಪ್ರಾಣ ತೆಗೆಯುತ್ತಿದೆ ಎಂಬುದು 1970ರ ದಶಕದಲ್ಲಿ ಸ್ಪಷ್ಟವಾದಾಗ, ಅದರ ಕವಚದ ಬಗ್ಗೆ ಅವರು ದಶಕಗಳ ಹಿಂದೆಯೇ ಮಾಡಿಟ್ಟಿದ್ದ ಕೆಲಸ ನೆರವಿಗೆ ಬಂತು. ಎಂಬತ್ತರ ವಯಸ್ಸಿನಲ್ಲೂ ಆ ಗುಂಪಿನ ಅಧ್ಯಯನ ಮುಂದುವರಿಸಿದ್ದರು. 1980ರಲ್ಲಿ ಸೊಂಟದ ಮೂಳೆ ಮುರಿದ ಮೇಲೆಯೇ ಓಡಾಟ ನಿಂತದ್ದು. ಮರುವರ್ಷ ಮಾರ್ಚ್ 3ರಂದು ತೀರಿಕೊಂಡರು. ಸ್ಟ್ರೆಪ್ಟೋಕಾಕಸ್ ಗುಂಪುಗಳಿಗೆ ಇಂದಿಗೂ ಅವರದೇ ಹೆಸರು.