ಜಿಮ್ಮಿ ಫಂಡ್

ಜಿಮ್ಮಿ ಫಂಡ್ ಎಂಬುದು ಕ್ಯಾನ್ಸರ್ ಸಂಶೋಧನೆ ಹಾಗೂ ಚಿಕಿತ್ಸೆಗಾಗಿ ಸಾರ್ವಜನಿಕರಿಂದ ಹಣ ಸಂಗ್ರಹಿಸುವ ಒಂದು ನಿಧಿ. ಇದು ಅಮೆರಿಕ ಸಂಯುಕ್ತ ಸಂಸ್ಥಾನದ ಬಾಸ್ಟನ್ ನಗರದಲ್ಲಿ 1948ರಲ್ಲಿ ಆರಂಭವಾಯಿತು. ಇದರ ಹಣವು ಅದೇ ನಗರದಲ್ಲಿರುವ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಸಲ್ಲುತ್ತದೆ. ನಿಧಿಗೆ ಹೆಸರು ಬಂದುದು ಒಬ್ಬ ಬಾಲರೋಗಿಯಿಂದ. ಆದರೆ ಆ ಬಾಲಕನ ನಿಜವಾದ ಹೆಸರು ಜಿಮ್ಮಿ ಅಲ್ಲ ಮತ್ತು ಆತ ಯಾರೆಂಬುದು ಸುಮಾರು ಐವತ್ತು ವರ್ಷಗಳ ಕಾಲ ಸಾರ್ವಜನಿಕರಿಗೆ ತಿಳಿದಿರಲಿಲ್ಲ.

ಹಿನ್ನೆಲೆ

ಸಿಡ್ನಿ ಫಾರ್ಬರ್ (1903–1973) ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞರಾಗಿದ್ದರು. ಆ ಕಾಲದಲ್ಲಿ ಮಕ್ಕಳಿಗೆ ತೀವ್ರ ಸ್ವರೂಪದ ರಕ್ತದ ಕ್ಯಾನ್ಸರ್ ಬಂದರೆ ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸಾವು ಖಚಿತವಾಗಿತ್ತು. ರೋಗಿಗಳಿಗೆ ಫೋಲಿಕ್ ಆಮ್ಲವನ್ನು ಕೊಟ್ಟಾಗ ರೋಗವು ಇಳಿಯುವ ಬದಲು ಉಲ್ಬಣಿಸಿದಂತೆ ಕಂಡುಬಂದಿತು. ಹಾಗಿದ್ದರೆ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ವಸ್ತುವೊಂದು ರೋಗವನ್ನೂ ತಡೆಯಬಹುದೆಂದು ಫಾರ್ಬರ್ ಊಹಿಸಿದರು.

ಅಂತಹ ವಸ್ತುಗಳು ಅವರಿಗೆ ದೊರೆತದ್ದು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯದಿಂದ. ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಜನಿಸಿದ ಯೆಲ್ಲಾಪ್ರಗಡ ಸುಬ್ಬರಾವ್ (1895–1948). ಅವರ ತಂಡವು ತಯಾರಿಸಿದ ಅಮಿನಾಪ್ಟೆರಿನ್ ಎಂಬ ಔಷಧವನ್ನು ಫಾರ್ಬರ್ 1947ರ ಕೊನೆಯಲ್ಲಿ ಪ್ರಯೋಗಿಸತೊಡಗಿದರು. 1948ರ ಜೂನ್‌ನಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಔಷಧ ಪಡೆದ 16 ಮಕ್ಕಳಲ್ಲಿ 10 ಮಕ್ಕಳ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. ರೋಗವು ಮರಳಿ ಬಂದಿತೆಂಬುದು ನಿಜ. ಆದರೂ ರಾಸಾಯನಿಕ ವಸ್ತುವೊಂದರಿಂದ ಈ ರೋಗವನ್ನು ಕೆಲಕಾಲವಾದರೂ ತಡೆಯಬಹುದೆಂಬುದು ಅದರಿಂದ ಸಿದ್ಧವಾಯಿತು. ಸುಬ್ಬರಾವ್ ಅದೇ ವರ್ಷದ ಆಗಸ್ಟ್‌ನಲ್ಲಿ ನಿಧನರಾದರು. ಈ ಚಿಕಿತ್ಸೆಯ ಚರಿತ್ರೆಯಲ್ಲಿ ಅವರ ಹೆಸರಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಸಂಶೋಧನೆ ಮುಂದುವರಿಯಲು ಹಣ ಬೇಕಿತ್ತು. ಪೋಲಿಯೋ ವಿರುದ್ಧದ ಹೋರಾಟಕ್ಕಾಗಿ ಜನಸಾಮಾನ್ಯರಿಂದ ಹತ್ತು ಹತ್ತು ಸೆಂಟ್‌ಗಳ ನಾಣ್ಯಗಳನ್ನು ಕೂಡಿಸಿದ 'ಮಾರ್ಚ್ ಆಫ್ ಡೈಮ್ಸ್' ಅಭಿಯಾನ ಅಮೆರಿಕದಲ್ಲಿ ಆಗಲೇ ಹೆಸರಾಗಿತ್ತು. ಕ್ಯಾನ್ಸರಿಗೆ ಅಂತಹ ಬೆಂಬಲ ಸುಲಭವಾಗಿರಲಿಲ್ಲ, ಏಕೆಂದರೆ ಆ ಪದವನ್ನು ನಾಲ್ಕು ಜನರ ಮುಂದೆ ಉಚ್ಚರಿಸಲೂ ಜನರು ಹಿಂಜರಿಯುತ್ತಿದ್ದರು. ಚಲನಚಿತ್ರ ಹಾಗೂ ಮನರಂಜನಾ ಉದ್ಯಮದವರ ಸೇವಾಸಂಸ್ಥೆಯಾದ ನ್ಯೂ ಇಂಗ್ಲೆಂಡ್ ವೆರೈಟಿ ಕ್ಲಬ್ ಫಾರ್ಬರ್ ಅವರ ನೆರವಿಗೆ ಬಂದಿತು. ರೋಗದ ಹೆಸರಿಗಿಂತ ಒಂದು ಮಗುವಿನ ಮುಖ ಜನರನ್ನು ಬೇಗ ಮುಟ್ಟುತ್ತದೆಂಬ ಆಲೋಚನೆ ಆಗ ಮೂಡಿತು.

ರೇಡಿಯೋ ಪ್ರಸಾರ

1948ರ ಮೇ 22ರಂದು ರಾಲ್ಫ್ ಎಡ್ವರ್ಡ್ಸ್ ತಮ್ಮ ಜನಪ್ರಿಯ ರೇಡಿಯೋ ಕಾರ್ಯಕ್ರಮದಲ್ಲಿ ಹಾಲಿವುಡ್‌ನಿಂದ ಬಾಸ್ಟನ್ ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಹನ್ನೆರಡು ವರ್ಷದ ಬಾಲಕನೊಡನೆ ನೇರವಾಗಿ ಮಾತನಾಡಿದರು. ಗುರುತನ್ನು ಕಾಪಾಡುವ ಸಲುವಾಗಿ ಆತನನ್ನು ಜಿಮ್ಮಿ ಎಂದು ಕರೆಯಲಾಯಿತು. ಬಾಲಕನು ಬಾಸ್ಟನ್ ಬ್ರೇವ್ಸ್ ಬೇಸ್‌ಬಾಲ್ ತಂಡದ ಅಭಿಮಾನಿ. ತನ್ನ ಮೆಚ್ಚಿನ ಆಟಗಾರರ ಹೆಸರುಗಳನ್ನು ಆತ ಒಂದೊಂದಾಗಿ ಹೇಳುತ್ತಿದ್ದಂತೆ ಆ ಆಟಗಾರರೇ ಕೋಣೆಯೊಳಗೆ ಬಂದು ಆತನ ಕೈಕುಲುಕಿದರು. ಎಲ್ಲರೂ ಸೇರಿ ಬೇಸ್‌ಬಾಲ್ ಹಾಡೊಂದನ್ನು ಹಾಡಿದರು.

ಈ ಪ್ರಸಾರದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಾಲಕನೊಡನೆ ಮಾತುಕತೆ ನಡೆಯುವಾಗ ಕ್ಯಾನ್ಸರ್ ಎಂಬ ಪದ ಎಲ್ಲಿಯೂ ಬರಲಿಲ್ಲ. ಆತನ ಸಂಪರ್ಕವನ್ನು ಕಡಿದ ಬಳಿಕವೇ ಎಡ್ವರ್ಡ್ಸ್ ಶ್ರೋತೃಗಳಿಗೆ ರೋಗದ ಹೆಸರನ್ನು ಹೇಳಿದರು. ಬಾಲಕನಿಗೆ ಅದು ತಿಳಿಯದೆಂದೂ ಹೇಳಿದರು. ದೇಶಕ್ಕೆಲ್ಲ ತಿಳಿದ ಸಂಗತಿ ಹಾಸಿಗೆಯಲ್ಲಿದ್ದವನಿಗೆ ಮಾತ್ರ ತಿಳಿಯದಂತೆ ಏರ್ಪಾಡಾಗಿತ್ತು. ಇಂದಿನ ವೈದ್ಯಕೀಯ ನೀತಿ ಇದನ್ನು ಒಪ್ಪಲಾರದು. ಅಂದಿನ ದಿನಗಳಲ್ಲಿ ಮಾತ್ರ ರೋಗಿಯಿಂದ ಕ್ಯಾನ್ಸರಿನ ಹೆಸರನ್ನು ಮರೆಮಾಚುವುದು ವಾಡಿಕೆಯೇ ಆಗಿತ್ತು.

ಶ್ರೋತೃಗಳು 20,000 ಡಾಲರ್ ಕೂಡಿಸಿದರೆ, ಆಟವನ್ನು ನೋಡಲು ಬಾಲಕನಿಗೆ ಒಂದು ಟೆಲಿವಿಷನ್ ಪೆಟ್ಟಿಗೆ ಕೊಡಲಾಗುವುದೆಂದು ಪ್ರಕಟಿಸಲಾಯಿತು. ಟೆಲಿವಿಷನ್ ಆಗ ಅಪರೂಪದ ವಸ್ತು. ಅಮೂರ್ತವಾದ 'ಸಂಶೋಧನೆ'ಗಿಂತ ಒಬ್ಬ ಹುಡುಗನ ಟೆಲಿವಿಷನ್ ಪೆಟ್ಟಿಗೆ ಜನರ ಮನಸ್ಸಿಗೆ ಹತ್ತಿರವಾಯಿತು. ಆ ವರ್ಷ 2,31,000 ಡಾಲರುಗಳಿಗೂ ಹೆಚ್ಚು ಹಣ ಸೇರಿತು. ಬಾಲಕನಿಗೆ ಟೆಲಿವಿಷನ್ ಬಂದಿತು, ನಿಧಿ ಸ್ಥಾಪಿತವಾಯಿತು. 1952ರ ಆರಂಭದಲ್ಲಿ ಅದರ ಹಣದಿಂದ ಜಿಮ್ಮಿ ಫಂಡ್ ಕಟ್ಟಡ ತೆರೆಯಿತು.

ಬೇಸ್‌ಬಾಲ್ ನಂಟು

1953ರಲ್ಲಿ ಬ್ರೇವ್ಸ್ ತಂಡ ಬಾಸ್ಟನ್ ತೊರೆದು ಮಿಲ್ವಾಕಿಗೆ ಹೋದಾಗ, ನಗರದ ಇನ್ನೊಂದು ತಂಡವಾದ ರೆಡ್ ಸಾಕ್ಸ್ ಈ ಹೊಣೆಯನ್ನು ವಹಿಸಿಕೊಂಡಿತು. ಆ ತಂಡದ ಖ್ಯಾತ ಆಟಗಾರ ಟೆಡ್ ವಿಲಿಯಮ್ಸ್ ಆಸ್ಪತ್ರೆಯ ಮಕ್ಕಳನ್ನು ಮತ್ತೆ ಮತ್ತೆ ಭೇಟಿಮಾಡುತ್ತಿದ್ದರು; ಪತ್ರಿಕೆಗಳಲ್ಲಿ ಅದರ ಸುದ್ದಿ ಬರಬಾರದೆಂಬುದು ಅವರ ಷರತ್ತು. ತಂಡದ ಕ್ರೀಡಾಂಗಣವಾದ ಫೆನ್ವೇ ಪಾರ್ಕ್‌ನಲ್ಲಿ ಅನೇಕ ವರ್ಷಗಳ ಕಾಲ ವಾಣಿಜ್ಯ ಜಾಹೀರಾತುಗಳಿಗೆ ಅವಕಾಶವಿರದಿದ್ದರೂ ಜಿಮ್ಮಿ ಫಂಡ್‌ನ ಫಲಕಕ್ಕೆ ಅವಕಾಶವಿತ್ತು. ಚಿತ್ರಮಂದಿರಗಳಲ್ಲಿ ಪ್ರೇಕ್ಷಕರ ನಡುವೆ ಡಬ್ಬಿ ಹಿಡಿದು ಚಿಲ್ಲರೆ ಸಂಗ್ರಹಿಸುವ ಪದ್ಧತಿಯೂ ಬೆಳೆಯಿತು.

ಜಿಮ್ಮಿಯ ಗುರುತು

ಬಾಲಕನ ನಿಜವಾದ ಹೆಸರು ಐನಾರ್ ಗುಸ್ತಾಫ್ಸನ್. ಮೇನ್ ರಾಜ್ಯದ ನ್ಯೂ ಸ್ವೀಡನ್ ಎಂಬ ಹಳ್ಳಿಯಲ್ಲಿ ಆಲೂಗಡ್ಡೆ ಬೆಳೆಯುವ ಕುಟುಂಬ ಆತನದು. ಆತನಿಗಿದ್ದುದು ರಕ್ತದ ಕ್ಯಾನ್ಸರ್ ಅಲ್ಲ, ಕರುಳಿನಲ್ಲಿ ಕಾಣಿಸಿಕೊಂಡ ಲಿಂಫೋಮಾ. ಆ ಕಾಲದ ರೋಗಿಗಳಲ್ಲಿ ಬದುಕುಳಿದವರು ವಿರಳವಾದ್ದರಿಂದ ಜಿಮ್ಮಿಯೂ ತೀರಿಹೋಗಿರಬೇಕೆಂದು ಬಹುತೇಕರು ಭಾವಿಸಿದ್ದರು. ವಾಸ್ತವದಲ್ಲಿ ಆತ ಗುಣಮುಖನಾಗಿ ಊರಿಗೆ ಮರಳಿ, ಮದುವೆಯಾಗಿ, ಮೂವರು ಹೆಣ್ಣುಮಕ್ಕಳ ತಂದೆಯಾಗಿ, ಟ್ರಕ್ ಚಾಲಕ ವೃತ್ತಿಯಲ್ಲಿದ್ದರು. ನಿಧಿಯ ಸುವರ್ಣ ವರ್ಷವಾದ 1998ರಲ್ಲಿ ಅವರ ಗುರುತು ಬಹಿರಂಗವಾಯಿತು. ಬಾಲ್ಯದಲ್ಲಿ ಬ್ರೇವ್ಸ್ ತಂಡ ಕೊಟ್ಟಿದ್ದ ಸಮವಸ್ತ್ರವನ್ನು ಅವರು ಕಾಪಾಡಿಕೊಂಡಿದ್ದರು. ಅನಂತರ ಅವರು ಆಸ್ಪತ್ರೆಗೆ ಹೋಗಿ ಚಿಕಿತ್ಸೆಯಲ್ಲಿದ್ದ ಮಕ್ಕಳೊಡನೆ ಬೆರೆತರು. 2001ರ ಜನವರಿಯಲ್ಲಿ, 65ನೆಯ ವಯಸ್ಸಿನಲ್ಲಿ, ಪಾರ್ಶ್ವವಾಯುವಿನಿಂದ ನಿಧನರಾದರು.

ನಂತರದ ಬೆಳವಣಿಗೆ

1980ರಲ್ಲಿ 36 ಮಂದಿ ಸವಾರರಿಂದ ಆರಂಭವಾದ 'ಪ್ಯಾನ್-ಮ್ಯಾಸ್ ಚಾಲೆಂಜ್' ಸೈಕಲ್ ಯಾತ್ರೆಯು ಮೊದಲ ವರ್ಷ ಸುಮಾರು 10,200 ಡಾಲರ್ ಕೂಡಿಸಿತು. ಅದರ ಒಟ್ಟು ಸಂಗ್ರಹ ಈಗ 100 ಕೋಟಿ ಡಾಲರುಗಳನ್ನು ಮೀರಿದೆ. ಬಾಸ್ಟನ್ ಮ್ಯಾರಥಾನ್ ಓಟದ ಹಾದಿಯಲ್ಲಿ ನಡೆಯುವ 'ಜಿಮ್ಮಿ ಫಂಡ್ ವಾಕ್' ಎಂಬ ನಡಿಗೆ 1989ರಿಂದ ನಡೆದುಬಂದಿದೆ. ಅಮಿನಾಪ್ಟೆರಿನ್‌ನ ಸ್ಥಾನದಲ್ಲಿ ಬಂದ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ತೀವ್ರ ಲಿಂಫೋಬ್ಲಾಸ್ಟಿಕ್ ಬಗೆಯ ರಕ್ತದ ಕ್ಯಾನ್ಸರಿನಲ್ಲಿ, ಉತ್ತಮ ಚಿಕಿತ್ಸಾ ಸೌಲಭ್ಯವುಳ್ಳ ದೇಶಗಳ ಸುಮಾರು 90 ಪ್ರತಿಶತ ಮಕ್ಕಳು ಐದು ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತಿದ್ದಾರೆ.