ಪರಂಗಿಕಾಯಿ, ಒಳ್ಳೆಮೆಣಸು ಮತ್ತು ಕಳಲೆ



ಈ ಸಲದ ಬರಹದ ವಿಷಯ ಕೇಳಿದರೆ ನೀವು ನಕ್ಕೀರಿ. ತೀರ್ಥಹಳ್ಳಿಯ ಕಡೆಯಿಂದ ಬಂದು, ಯಲಹಂಕದಲ್ಲಿ ಮೇಷ್ಟರಾಗಿ, ಹೋಟೆಲೆಂದರೆ ಇಡ್ಲಿ-ವಡೆ ಎಂದೇ ತಿಳಿದು ಬದುಕಿದ ನಾನು ಕಳೆದೆರಡು ವರ್ಷಗಳಿಂದ ತಿಂಗಳಿಗೊಮ್ಮೆ ಮೊಮ್ಮಗಳೊಡನೆ ಥಾಯ್ ಊಟದ ಮನೆಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದೇನೆ. ಸಹಕಾರನಗರ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆಯ ಮಾಲು, ಹೀಗೆ ಏಳೆಂಟು ಕಡೆ ಆಗಿದೆ. ಅವಳಿಗೆ ಅದು ರುಚಿಯ ಸಂಗತಿ. ನನಗೆ ಅದು ನಿವೃತ್ತಿಯ ನಂತರ ಸಿಕ್ಕ ಇತಿಹಾಸದ ತರಗತಿ. ಆ ತರಗತಿಯಲ್ಲಿ ನಾನು ಕಲಿತದ್ದನ್ನೂ, ಕೊನೆಗೆ ತಲೆ ತಗ್ಗಿಸಬೇಕಾಗಿ ಬಂದುದನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ನಮ್ಮ ಊರಿನ ಮಾತು. ನಾನು ಇಲ್ಲಿಗೆ ಬಂದ ಕಾಲದಲ್ಲಿ ಯಲಹಂಕವು ಬೆಂಗಳೂರಿನ ಹೊರಗಿನ ಊರು. ವಾಯುಪಡೆಯ ನೆಲೆ ಮತ್ತು ರೈಲ್ವೆ ಗಾಲಿ ಕಾರ್ಖಾನೆಗಳಿಂದಾಗಿ ದೇಶದ ನಾನಾ ಭಾಗಗಳ ಸಂಸಾರಗಳು ಇಲ್ಲಿ ನೆಲೆಸಿದ್ದರೂ, ಬೀದಿಯಲ್ಲಿ ಸಿಗುತ್ತಿದ್ದುದು ಉಡುಪಿ ಹೋಟೆಲು ಮತ್ತು ಮಿಲಿಟರಿ ಹೋಟೆಲು, ಎರಡೇ. 'ಫಾರಿನ್' ಊಟವೆಂದರೆ ದಂಡಿನ ಕಡೆಗೆ, ಅಂದರೆ ಎಂ.ಜಿ. ರಸ್ತೆಗೆ ಹೋಗಬೇಕಿತ್ತು. ಅಲ್ಲಿನ ಒಬೆರಾಯ್ ಹೋಟೆಲಿನ 'ರಿಮ್ ನಾಮ್' ನಗರದ ಹಳೆಯ ಥಾಯ್ ಊಟದ ಮನೆಗಳಲ್ಲೊಂದು. ಥಾಯ್ ಭಾಷೆಯಲ್ಲಿ ಆ ಹೆಸರಿಗೆ 'ನೀರಿನ ದಡ' ಎಂದರ್ಥ. ನಮ್ಮಂಥ ಮೇಷ್ಟರುಗಳು ಅದನ್ನು ಹೊರಗಿನಿಂದ ನೋಡಿದ್ದೇ ಹೆಚ್ಚು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಚಹರೆಯೇ ಬದಲಾಯಿತು. ಇಲ್ಲಿಂದ ಬ್ಯಾಂಕಾಕಿಗೆ ನೇರ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆ. ನಮ್ಮೂರಿನಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗಲು ಅದರ ಎರಡರಷ್ಟು ಹೊತ್ತು ಬೇಕು! 2023ರಲ್ಲಿ ಬ್ಯಾಟರಾಯನಪುರದ ಬಳಿ ತೆರೆದ ದೊಡ್ಡ ಮಾಲಿಗೆ 'ಮಾಲ್ ಆಫ್ ಏಷ್ಯಾ' ಎಂದೇ ಹೆಸರು.

ಇದರಲ್ಲಿ ಥಾಯ್ ಸರ್ಕಾರದ ಕೈವಾಡವೂ ಉಂಟು. 2002ರ ಸುಮಾರಿಗೆ ಅದು 'ಗ್ಲೋಬಲ್ ಥಾಯ್' ಎಂಬ ಯೋಜನೆ ಹಾಕಿಕೊಂಡಿತು. ಆಗ ಜಗತ್ತಿನಾದ್ಯಂತ ಇದ್ದ ಸುಮಾರು 5,500 ಥಾಯ್ ಊಟದ ಮನೆಗಳನ್ನು 8,000ಕ್ಕೆ ಏರಿಸುವುದು ಅದರ ಗುರಿ. ಊಟ ಉಂಡವನು ದೇಶ ನೋಡಲು ಬರುತ್ತಾನೆ, ದೇಶದ ದಿನಸಿ ಕೊಳ್ಳುತ್ತಾನೆ ಎಂಬ ಲೆಕ್ಕಾಚಾರ. ನಮ್ಮ ಉಡುಪಿಯ ಭಟ್ಟರು ಯಾವ ಸರ್ಕಾರದ ಯೋಜನೆಯೂ ಇಲ್ಲದೆ ದೋಸೆಯನ್ನು ಮುಂಬಯಿಗೂ ದೆಹಲಿಗೂ ಒಯ್ದರೆಂಬುದನ್ನು ನೆನೆದು ನನಗೆ ಸ್ವಲ್ಪ ಹೆಮ್ಮೆಯೂ ಆಯಿತೆನ್ನಿ.

ಮೊದಲ ದಿನ ಹೋದದ್ದು ಸಹಕಾರನಗರಕ್ಕೆ. ನಾನು ಸಸ್ಯಾಹಾರಿ. ಥಾಯ್ ಅಡುಗೆಯಲ್ಲಿ ಉಪ್ಪಿನ ಬದಲು 'ನಾಮ್ ಪ್ಲಾ', ಅಂದರೆ ಉಪ್ಪಿನಲ್ಲಿ ಕೊಳೆಹಾಕಿದ ಮೀನಿನ ರಸ, ಎಲ್ಲೆಲ್ಲೂ ಇರುತ್ತದೆ. ಮೊಮ್ಮಗಳು ಮುಂಚೆಯೇ ವಿಚಾರಿಸಿ, "ಹೆದರಬೇಡಿ ಅಜ್ಜ, ನಿಮಗೆ ಸೋಯಾ ರಸ ಹಾಕಿ ಬೇರೆಯಾಗಿ ಮಾಡಿಕೊಡ್ತಾರಂತೆ" ಎಂದಳು. ಮೊದಲು ಬಂದದ್ದು 'ಸೋಮ್ ತಾಮ್'. ಎಳೆಯ ಪರಂಗಿಕಾಯಿಯನ್ನು ಉದ್ದುದ್ದಕ್ಕೆ ತುರಿದು, ಹಸಿಮೆಣಸಿನಕಾಯಿ, ನಿಂಬೆರಸ, ಬೆಲ್ಲ, ಹುರಿದ ಕಡಲೆಕಾಯಿ ಬೀಜ ಸೇರಿಸಿ ಒರಳಿನಲ್ಲಿ ಜಜ್ಜಿದ್ದು. 'ಸೋಮ್' ಎಂದರೆ ಹುಳಿ, 'ತಾಮ್' ಎಂದರೆ ಕುಟ್ಟುವುದು. ಒಗ್ಗರಣೆ ಇಲ್ಲವೆಂಬುದನ್ನು ಬಿಟ್ಟರೆ ನಮ್ಮ ಕೋಸಂಬರಿಯ ದಾಯಾದಿ.

ತಟ್ಟೆ ನೋಡುತ್ತಾ ಒಂದು ವಿಷಯ ಹೊಳೆಯಿತು. ಈ ತಟ್ಟೆಯ ಪರಂಗಿ, ಮೆಣಸಿನಕಾಯಿ, ಕಡಲೆಕಾಯಿ ಮೂರೂ ಥಾಯ್‌ಲೆಂಡಿನವಲ್ಲ, ನಮ್ಮವೂ ಅಲ್ಲ. ಮೂರೂ ಅಮೆರಿಕ ಖಂಡದವು. ಕೊಲಂಬಸ್ 1492ರಲ್ಲಿ ಅತ್ತ ಹೋದ ಮೇಲೆ ಪೋರ್ಚುಗೀಸರ ಮತ್ತು ಸ್ಪೇನಿನವರ ಹಡಗುಗಳಲ್ಲಿ ಏಷ್ಯಾಕ್ಕೆ ಬಂದವು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ, ಕೃಷ್ಣದೇವರಾಯ ವಿಜಯನಗರದಲ್ಲಿ ಆಳುತ್ತಿದ್ದಾಗ. ಮರುವರ್ಷ 1511ರಲ್ಲಿ ಮಲಾಕ್ಕಾವನ್ನು ಹಿಡಿದು, ಅದೇ ವರ್ಷ ಸಯಾಮಿನ ರಾಜಧಾನಿ ಅಯುತ್ಥಯಕ್ಕೆ ದೂತನನ್ನು ಅಟ್ಟಿದರು. ಅಯುತ್ಥಯವೆಂದರೆ ನಮ್ಮ ಅಯೋಧ್ಯೆಯ ಹೆಸರೇ. ಒಂದೇ ವರ್ಷದ ಅಂತರದಲ್ಲಿ ಒಂದೇ ಜನ ನಮ್ಮ ಬಾಗಿಲನ್ನೂ ಅವರ ಬಾಗಿಲನ್ನೂ ತಟ್ಟಿದರು.

ಇದಕ್ಕೆ ಎರಡೂ ಭಾಷೆಗಳು ಸಾಕ್ಷಿ ನುಡಿಯುತ್ತವೆ. ಯುರೋಪಿನ 'ಫ್ರಾಂಕ್' ಜನರ ಹೆಸರು ಅರಬ್ಬರ, ಪಾರಸಿಗಳ ಬಾಯಲ್ಲಿ 'ಫರಂಗ್' ಆಗಿ, ಕನ್ನಡದಲ್ಲಿ 'ಪರಂಗಿ' ಆಯಿತು. ಪರಂಗಿಯವರು ತಂದ ಹಣ್ಣು ಪರಂಗಿ ಹಣ್ಣು. ಥಾಯ್ ಜನರೂ ಬಿಳಿಯರನ್ನು 'ಫರಾಂಗ್' ಎಂದೇ ಕರೆಯುತ್ತಾರೆ. ಅವರಲ್ಲಿ 'ಫರಾಂಗ್' ಎಂಬ ಹಣ್ಣೂ ಇದೆ. ಆದರೆ ಅದು ಪರಂಗಿಯಲ್ಲ, ಸೀಬೆ! ಸೀಬೆಯೂ ಅಮೆರಿಕದಿಂದಲೇ ಬಂದದ್ದು. ಹೆಸರು ಒಂದೇ, ಅಂಟಿಕೊಂಡ ಹಣ್ಣು ಬೇರೆ.

ಮೆಣಸಿನ ಕಥೆ ಇನ್ನೂ ಸ್ವಾರಸ್ಯ. ಮೆಣಸಿನಕಾಯಿ ಬರುವ ಮೊದಲು ನಮ್ಮ ಖಾರವೆಂದರೆ ಬಳ್ಳಿಯಲ್ಲಿ ಬಿಡುವ ಮೆಣಸು. ಹೊಸ ಕಾಯಿ ಬಂದಾಗ ನಾವು ಹಳೆಯ ಹೆಸರನ್ನೇ ಅದಕ್ಕೆ ಕೊಟ್ಟು 'ಮೆಣಸಿನಕಾಯಿ' ಎಂದೆವು. ಕ್ರಮೇಣ ಹೊಸದರ ಆಟೋಪ ಹೆಚ್ಚಾಗಿ, ಹಳೆಯದಕ್ಕೆ ಗುರುತಿನ ಚೀಟಿ ಬೇಕಾಯಿತು: ಕರಿಮೆಣಸು, ಕಾಳುಮೆಣಸು, ನಮ್ಮ ಮಲೆನಾಡಿನಲ್ಲಿ 'ಒಳ್ಳೆಮೆಣಸು'. ಥಾಯ್ ಭಾಷೆಯಲ್ಲಿಯೂ ಹೀಗೆಯೇ ನಡೆಯಿತು. 'ಫ್ರಿಕ್' ಎಂದರೆ ಈಗ ಮೆಣಸಿನಕಾಯಿ. ಹಳೆಯ ಕಾಳುಮೆಣಸಿಗೆ 'ಫ್ರಿಕ್ ಥಾಯ್', ಅಂದರೆ 'ಥಾಯ್ ಮೆಣಸು' ಎಂದು ಹೆಸರು. ಮನೆಯ ಮಗನನ್ನೇ 'ಇವನು ಮನೆಯವನು' ಎಂದು ಪರಿಚಯಿಸಬೇಕಾಗಿ ಬಂದ ಹಾಗೆ! ಇಂದು ಮೆಣಸಿನಕಾಯಿ ಇಲ್ಲದ ಥಾಯ್ ಅಡುಗೆಯನ್ನಾಗಲಿ, ಬ್ಯಾಡಗಿ ಇಲ್ಲದ ಕನ್ನಡದ ಸಾರನ್ನಾಗಲಿ ಊಹಿಸಲಾದೀತೆ? ಆ ಬ್ಯಾಡಗಿಗೆ ನಾವು 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದೆವು. ವಲಸೆ ಬಂದದ್ದು ಐದು ಶತಮಾನದೊಳಗೆ ಮಣ್ಣಿನ ಮಗನಾಯಿತು.

ಹೋದದ್ದೂ ಉಂಟು. 'ಮಸ್ಸಮನ್' ಎಂಬ ಗೊಜ್ಜಿನಲ್ಲಿ ಏಲಕ್ಕಿ, ಲವಂಗ, ದಾಲ್ಚಿನ್ನಿಗಳ ಘಮವಿದೆ. 'ಮುಸಲ್ಮಾನ' ಎಂಬ ಪದದಿಂದಲೇ ಆ ಹೆಸರು ಬಂದುದೆಂದು ವಿದ್ವಾಂಸರ ಮತ. ಅಯುತ್ಥಯದಲ್ಲಿ ಪಾರಸಿ ವರ್ತಕರ ನೆಲೆ ಇತ್ತು. 'ಕಫ್ರಾವ್' ಎಂಬುದು ನಮ್ಮ ಬೃಂದಾವನದ ತುಳಸಿಯೇ, ಅವರಲ್ಲಿ ಮಾಂಸದೊಡನೆ ಹುರಿಯುವ ಸೊಪ್ಪು. ಅವರ 'ಹೊರಫಾ' ನಮ್ಮ ಕಾಮಕಸ್ತೂರಿಯ ಜಾತಿ. ನನ್ನ ಅಮ್ಮ ಮಜ್ಜಿಗೆಗೆ ಹಾಕುತ್ತಿದ್ದ ಮಜ್ಜಿಗೆಹುಲ್ಲು ಅವರ ಸಾರಿನ ಜೀವ. ಎಲ್ಲಕ್ಕಿಂತ ಬೆರಗಾದದ್ದು ಒಂದು ಮಾತಿಗೆ: ಥಾಯ್ ಭಾಷೆಯಲ್ಲಿ ಊಟಕ್ಕೆ 'ಆಹಾನ್' ಎನ್ನುತ್ತಾರೆ. ಬರೆಯುವಾಗ ಕೊನೆಯಲ್ಲಿ ರಕಾರವಿದೆ, ಓದುವಾಗ ಅದು ನಕಾರವಾಗುತ್ತದೆ. ಅದು ಬೇರೇನಲ್ಲ, ನಮ್ಮ 'ಆಹಾರ'.

ಇನ್ನು 'ಪಾದ್ ಥಾಯ್' ಎಂಬ ಹುರಿದ ಅಕ್ಕಿ ಶಾವಿಗೆ. ಅದು ಪುರಾತನವೆಂದು ನಾನು ತಿಳಿದಿದ್ದೆ. ಅಲ್ಲ, 1939ರಲ್ಲಿ ಸಯಾಮಿನ ಹೆಸರನ್ನು ಥಾಯ್‌ಲೆಂಡ್ ಎಂದು ಬದಲಿಸಿದ ಪ್ರಧಾನಿ ಫಿಬುನ್ ಸೊಂಗ್‌ಖ್ರಾಮನ ಕಾಲದಲ್ಲಿ, ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ, ಸರ್ಕಾರವೇ ಶಾವಿಗೆ ತಿನ್ನಿರೆಂದು ಪ್ರಚಾರ ಮಾಡಿ ಬೆಳೆಸಿದ ತಿನಿಸು. ಶಾವಿಗೆಯ ಮೂಲವೂ ಚೀನೀಯರದು. ಅದೇ ಯುದ್ಧಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿ ಅಕ್ಕಿಯ ಅಭಾವವಾದಾಗ ರವೆ ಇಡ್ಲಿಯನ್ನು ಕಂಡುಹಿಡಿದೆವೆಂದು 1924ರಲ್ಲಿ ಆರಂಭವಾದ ಎಂ.ಟಿ.ಆರ್. ಸಂಸ್ಥೆ ಹೇಳಿಕೊಂಡು ಬಂದಿದೆ. 'ಸನಾತನ'ವೆಂದು ನಾವು ಚಪ್ಪರಿಸುವ ಎಷ್ಟೋ ತಿನಿಸುಗಳಿಗೆ ನಮ್ಮ ತಂದೆಯವರಿಗಿಂತ ಕಡಿಮೆ ವಯಸ್ಸು!

ಇಲ್ಲಿಯವರೆಗೆ ಮೇಷ್ಟರ ಪಾಂಡಿತ್ಯ. ಇನ್ನು ಮೇಷ್ಟರ ತಪ್ಪು.

ಕಳೆದ ಮಳೆಗಾಲದಲ್ಲಿ ಆರ್.ಟಿ. ನಗರದ ಒಂದು ಚಿಕ್ಕ ಊಟದ ಮನೆಗೆ ಹೋದೆವು. ಆರ್.ಟಿ. ಎಂದರೆ ರವೀಂದ್ರನಾಥ ಟಾಗೋರ್. ಅವರು 1927ರಲ್ಲಿ ಸಯಾಮಿಗೆ ಹೋಗಿ ಬಂದಿದ್ದರೆಂದು ಮೊಮ್ಮಗಳಿಗೆ ಹೇಳುತ್ತಾ ಕುಳಿತಿದ್ದೆ. ಹಸಿರು ಗೊಜ್ಜಿನ ಬಟ್ಟಲು ಬಂತು. ಚಮಚ ಬಾಯಿಗೆ ಹೋಗುವ ಮೊದಲೇ ಮೂಗಿಗೆ ಪರಿಚಿತವಾದ ಒಂದು ವಾಸನೆ ತಟ್ಟಿತು. ಆಷಾಢದ ಮಳೆ, ನಮ್ಮ ಮನೆಯ ಹಿತ್ತಿಲು, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಮೂರು ದಿನ ನೆನೆಹಾಕಿದ ಕಳಲೆಯ ಪಾತ್ರೆ. ಎಳೆಬಿದಿರಿನ ಕಹಿಯೂ ವಿಷವೂ ಕಳೆಯಲೆಂದು ಹಾಗೆ ನೆನೆಸಿ ಬೇಯಿಸುವುದು ಮಲೆನಾಡಿನ ಪದ್ಧತಿ. ಅಮ್ಮ ಮಾಡುತ್ತಿದ್ದ ಕಳಲೆ ಪಲ್ಯ ಉಣ್ಣದೆ ಎಷ್ಟು ವರ್ಷಗಳಾಗಿದ್ದವೋ!

ಅಡುಗೆಯ ಹುಡುಗ ಹೊರಗೆ ಬಂದ. ಥಾಯ್ ದೇಶದವನಲ್ಲ, ಮಣಿಪುರದವನು. ನಾನು ಬಟ್ಟಲು ಖಾಲಿ ಮಾಡಿದ್ದನ್ನು ಕಂಡು, "ವಾಸನೆ ಆಗಲಿಲ್ವಾ ಸರ್? ಕೆಲವರು ವಾಪಸು ಕಳಿಸ್ತಾರೆ. ನಮ್ಮೂರಲ್ಲಿ ಇದು ದಿನಾ ಮಾಡ್ತಾರೆ" ಎಂದ, ಹರಕು ಕನ್ನಡದಲ್ಲಿ. ನನ್ನ ಗಂಟಲು ಕಟ್ಟಿತು.

1986ನೆಯ ಇಸವಿ. ನನ್ನ ಎಂಟನೆಯ ತರಗತಿಗೆ ಈಶಾನ್ಯ ಭಾರತದಿಂದ ವರ್ಗವಾಗಿ ಬಂದ ನೌಕರರೊಬ್ಬರ ಮಗ ಸೇರಿದ್ದ. ಒಂದು ಮಧ್ಯಾಹ್ನ ಅವನ ಡಬ್ಬಿ ತೆರೆದಾಗ ಸುತ್ತಲಿನ ಹುಡುಗರು ಮೂಗು ಮುಚ್ಚಿಕೊಂಡು ಗದ್ದಲವೆಬ್ಬಿಸಿದರು. ನಾನು ಹೋಗಿ ನೋಡಿದೆ. ಗದ್ದಲ ಮಾಡಿದವರನ್ನು ಗದರಿಸಬೇಕಾಗಿದ್ದ ನಾನು, "ನಾಳೆಯಿಂದ ನೀನು ಜಗಲಿಯಲ್ಲಿ ಕೂತು ಊಟ ಮಾಡಪ್ಪಾ" ಎಂದುಬಿಟ್ಟೆ. ಅವನು ಏನೂ ಎನ್ನಲಿಲ್ಲ. ವರ್ಷವಿಡೀ ಜಗಲಿಯಲ್ಲಿ ಒಬ್ಬನೇ ಉಂಡ. ಆ ಡಬ್ಬಿಯಲ್ಲಿದ್ದದ್ದು ಕಳಲೆ. ನನ್ನ ಅಮ್ಮನ ಕೈಯಡುಗೆಯ ವಾಸನೆಯೇ ಅದು. ಅವನ ಡಬ್ಬಿಯಿಂದ ಬಂದಾಗ ಮಾತ್ರ ನನ್ನ ಮೂಗು ಅದನ್ನು ಗುರುತಿಸಲಿಲ್ಲ. ಆ ಹೊತ್ತಿಗೆ ನಾನು ಪಾಠ ಮಾಡುತ್ತಿದ್ದುದು 'ವಿವಿಧತೆಯಲ್ಲಿ ಏಕತೆ'.

ಇದು ಚಿಕ್ಕ ಸಂಗತಿಯೆಂದು ನಿಮಗನ್ನಿಸಬಹುದು. 2012ರ ಆಗಸ್ಟ್ ತಿಂಗಳಲ್ಲಿ ವದಂತಿಗಳಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಹೊರಟರು; ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಟೀವಿಯಲ್ಲಿ ಆ ಪ್ಲಾಟ್‌ಫಾರಂ ನೋಡುತ್ತಾ, 'ಯಾರೋ ಹಬ್ಬಿಸಿದ ಸುಳ್ಳನ್ನು ಇವರು ಇಷ್ಟು ಬೇಗ ಹೇಗೆ ನಂಬಿದರು' ಎಂದು ನಾನು ಅಚ್ಚರಿಪಟ್ಟಿದ್ದೆ. ಜಗಲಿಯಲ್ಲಿ ಕೂತು ಉಂಡವರಿಗೆ ನಂಬಲು ಕಷ್ಟವೇನಿರಲಿಲ್ಲವೆಂದು ಈಗ ಅರ್ಥವಾಗುತ್ತದೆ.

ಇದೇ ಖಾದ್ಯಕ್ಕೆ ಥಾಯ್ ಹೆಸರಿಟ್ಟು, ಚೆಂದದ ಬಟ್ಟಲಿನಲ್ಲಿ ತಂದಿಟ್ಟರೆ ನಾವು ನಾಲ್ಕುನೂರು ರೂಪಾಯಿ ಕೊಟ್ಟು ಹೊಗಳಿ ಉಣ್ಣುತ್ತೇವೆ. ಆ ಮಣಿಪುರದ ಹುಡುಗ ತನ್ನ ಊರಿನ ಅಡುಗೆಯನ್ನು ತನ್ನ ಊರಿನ ಹೆಸರಿನಲ್ಲಿ ಮಾರುವ ಧೈರ್ಯ ಮಾಡಿರಲಿಲ್ಲ. ನಾನು ಅವನಿಗೆ ನಮ್ಮ ಊರಿನ ಕಳಲೆಯ ವಿಷಯ ಹೇಳಿದೆ. "ಕಳಲೆ, ಕಳಲೆ" ಎಂದು ಎರಡು ಸಲ ಹೇಳಿ ಬಾಯಿಪಾಠ ಮಾಡಿಕೊಂಡ. ತಮ್ಮಲ್ಲಿ ಅದಕ್ಕೆ 'ಸೊಯ್ಬುಮ್' ಎನ್ನುತ್ತಾರೆಂದು ನನಗೆ ಹೇಳಿಕೊಟ್ಟ. ನಾನೂ ಎರಡು ಸಲ ಹೇಳಿದೆ. ಅಂದು ಮೇಷ್ಟರು ಯಾರು, ಶಿಷ್ಯ ಯಾರು ಎಂದು ಹೇಳುವುದು ಕಷ್ಟ.

1986ರ ಆ ತರಗತಿಯವರು ಕೆಲವರು ಈ ಬರಹಗಳನ್ನು ಓದುತ್ತೀರೆಂದು ಬಲ್ಲೆ. ಆ ಗೆಳೆಯ ಈಗ ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಈ ಬರಹವನ್ನು ಅವನಿಗೆ ಮುಟ್ಟಿಸಿ. ಐವತ್ತು ದಾಟಿರುವ ಆತನಿಗೆ ಕನ್ನಡ ಮರೆತಿದ್ದರೆ ನೀವೇ ಓದಿ ಹೇಳಿ. ಮೇಷ್ಟರು ತಪ್ಪೊಪ್ಪಿಕೊಂಡಿದ್ದಾರೆಂದೂ, ಯಲಹಂಕಕ್ಕೆ ಬಂದರೆ ನಮ್ಮ ಮನೆಯಲ್ಲಿ, ಒಳಗೆ, ನನ್ನ ಪಕ್ಕದಲ್ಲಿ ಕೂತು ಕಳಲೆ ಪಲ್ಯ ಉಣ್ಣಬೇಕೆಂದೂ ತಿಳಿಸಿ.

ಮುಂದಿನ ಸಲ ದೇವನಹಳ್ಳಿಯ ಚಕ್ಕೋತದ ಬಗ್ಗೆ ಬರೆಯುತ್ತೇನೆ. ಅದೂ ಮೂಲದಲ್ಲಿ ಆಗ್ನೇಯ ಏಷ್ಯಾದ ಹಣ್ಣೇ. ವಿಮಾನ ನಿಲ್ದಾಣಕ್ಕೂ ಬಡಾವಣೆಗಳಿಗೂ ಜಾಗ ಬಿಟ್ಟುಕೊಟ್ಟು ಅದರ ತೋಟಗಳು ಈಗ ಅಪರೂಪವಾಗುತ್ತಿವೆ. ಉಳಿದಿರುವ ಮರಗಳನ್ನು ಒಮ್ಮೆ ಕಣ್ಣಾರೆ ನೋಡಿ ಬಂದು ಬರೆಯುವೆ.